ನೆಲದ ಮಟ್ಟ

ಗೋಡೆಯ ಬಿರುಕು ಮನೆಗೆ ಬಂದವರೆಲ್ಲರ ಕಣ್ಣಿಗೂ ಬೀಳುತ್ತದೆ. ನೆಲದ ತಗ್ಗನ್ನು ಮಾತ್ರ ಮನೆಯವರ ಕಾಲುಗಳೇ ಬಲ್ಲವು. ಬನ್ನೇರುಘಟ್ಟ ರಸ್ತೆಯ ಗೊಟ್ಟಿಗೆರೆಯಲ್ಲಿ ನಿವೃತ್ತ ಗುಮಾಸ್ತರೊಬ್ಬರ ಮನೆಯಿದೆ. 2007ರಲ್ಲಿ ಊರು ಮಹಾನಗರ ಪಾಲಿಕೆಗೆ ಸೇರುವುದಕ್ಕೆ ಮೊದಲೇ ಕಟ್ಟಿಸಿದ್ದು. ತಳಪಾಯದೊಳಗೆ ತುಂಬಿದ ಮಣ್ಣಿಗೆ ಪದರಪದರವಾಗಿ ನೀರುಣಿಸಿ ಗಟ್ಟಿಸುವ ತಾಳ್ಮೆ ಅಂದು ಯಾರಿಗೂ ಇದ್ದಂತಿಲ್ಲ. ಮಣ್ಣು ಕುಸಿಯುವಷ್ಟು ಕುಸಿದು ನಿಂತಾಗ, ಹಜಾರದಿಂದ ಬಚ್ಚಲಿಗೆ ಹೋಗುವ ಓಣಿಯ ಕೆಂಪು ಕಾವಿನೆಲದಲ್ಲಿ ಒಂದೂವರೆ ಅಂಗುಲದ ತಗ್ಗು ಉಳಿದಿತ್ತು.

ಎಂಬತ್ತು ದಾಟಿದ ತಾಯಿ ಒಂದು ಮುಂಜಾನೆ ಅಲ್ಲಿ ಮುಗ್ಗರಿಸಿದರು. ಗೋಡೆ ಕೈಗೆ ಸಿಕ್ಕಿದ್ದರಿಂದ ಬೀಳಲಿಲ್ಲ. “ನನ್ನ ಕಣ್ಣೇ ಮಂಜಾಯಿತು ಕಣಪ್ಪ” ಎಂದು ನೆಲದ ತಪ್ಪನ್ನು ತಮ್ಮ ಮೇಲೆಯೇ ಹಾಕಿಕೊಂಡರು. ಆ ಮಾತು ಮಗನ ಎದೆಗೆ ನಾಟಿತು.

ಇಷ್ಟು ಸಣ್ಣ ಕೆಲಸಕ್ಕೆ ಗಾರೆಯವರು ಬರುವುದು ದುರ್ಲಭ. ತಾವೇ ಮಾಡುವುದೆಂದು ಯಜಮಾನರು ಸಾರಿದಾಗ ಅವರ ಪತ್ನಿ, “ಮೊಳೆ ಹೊಡೆಯಲು ಹೋಗಿ ಹೆಬ್ಬೆರಳು ಜಜ್ಜಿಕೊಂಡವರು ನೀವೇ ಅಲ್ಲವೇ?” ಎಂದಷ್ಟೇ ಕೇಳಿದರು.

ಮೊದಲು ಬಂದದ್ದು ರಸಮಟ್ಟ. 1661ರ ಸುಮಾರಿಗೆ ಫ್ರಾನ್ಸಿನ ತೆವೆನೊ ಎಂಬಾತ ಗಾಜಿನ ನಳಿಗೆಯೊಳಗೆ ಒಂದು ಗುಳ್ಳೆಯನ್ನು ಸೆರೆಹಿಡಿದು ರೂಪಿಸಿದ ಉಪಕರಣವದು. ಆದರೆ ಒಂದಡಿಯ ರಸಮಟ್ಟ ಹತ್ತಡಿಯ ಓಣಿಗೆ ಸಾಲದು. ಅದಕ್ಕೆ ನೀರು ತುಂಬಿದ ಪಾರದರ್ಶಕ ಕೊಳವೆಯೇ ಸರಿ. ಒಳಗೆ ಗಾಳಿಯ ಗುಳ್ಳೆ ಉಳಿಯದಂತೆ ನೋಡಿಕೊಂಡರೆ, ಎರಡು ತುದಿಗಳಲ್ಲೂ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಹೀಗೆ ಗೋಡೆಯ ಮೇಲೆ ಮೊಣಕಾಲೆತ್ತರದಲ್ಲಿ ಗೆರೆ ಎಳೆದು, ಅಲ್ಲಿಂದ ಕೆಳಕ್ಕೆ ಅಳೆದಾಗ ಎರಡು ದೋಷಗಳು ಕಂಡವು: ನಡುವಿನ ತಗ್ಗು ಒಂದು, ಬಚ್ಚಲ ಕಡೆಯ ತುದಿ ಒಂದಂಗುಲ ಕೆಳಗಿರುವುದು ಇನ್ನೊಂದು.

ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು ಕಲಸಿ ತಗ್ಗನ್ನು ತುಂಬಿದರು. ನೋಡಲು ಸೊಗಸಾಗಿತ್ತು. ಮೂರನೆಯ ದಿನ ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು. ಪಕ್ಕದ ನಿವೇಶನದಲ್ಲಿ ಕೆಲಸಕ್ಕಿದ್ದ ಗಾರೆಯವನು ಬಂದು ನೋಡಿ ನಕ್ಕ. “ನುಣುಪಿನ ಮೇಲೆ ಗಾರೆ ಕಚ್ಚೋದಿಲ್ಲ ಸ್ವಾಮಿ. ಹಳೇ ನೆಲಾನ ಉಳಿಯಲ್ಲಿ ಕೆತ್ತಿ, ಧೂಳು ತೊಳೆದು, ಸಿಮೆಂಟಿನ ಹಾಲು ಬಳಿದು, ಅದು ಹಸಿಯಾಗಿರುವಾಗಲೇ ಗಾರೆ ಹಾಕಬೇಕು. ಅಂಚಿನಲ್ಲಿ ಹಪ್ಪಳದ ಹಾಗೆ ತೆಳ್ಳಗೆ ಎಳೆದರೆ ಎದ್ದು ಬರುತ್ತೆ. ಅಲ್ಲಿ ಅರ್ಧ ಅಂಗುಲವಾದರೂ ಕಡಿದು ಕೂರಿಸಿ.”

ಎರಡು ದಿನ ಕೆತ್ತಿದ್ದಾಯಿತು, ಅಂಗೈಯಲ್ಲಿ ಬೊಬ್ಬೆಗಳೆದ್ದವು. ಈ ಸಲ ಇಡೀ ಓಣಿಯನ್ನೇ ನೀರಿನ ಮಟ್ಟಕ್ಕೆ ತರುವ ಹಟ. ಬಚ್ಚಲ ಕಡೆಯನ್ನು ಒಂದಂಗುಲ ಎತ್ತರಿಸಲು ಗುರುತು ಹಾಕುತ್ತಿದ್ದಾಗ, ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದ ತಾಯಿ ಮೆಲ್ಲನೆ ಕೇಳಿದರು: “ತೊಳೆದ ನೀರು ಎಲ್ಲಿಗೆ ಹೋಗಬೇಕಪ್ಪ?”

ಮಗನ ಕೈಯ ಸೀಮೆಸುಣ್ಣ ನಿಂತಿತು. ಅದು ದೋಷವಾಗಿರಲಿಲ್ಲ, ಹಿಂದಿನ ಕೆಲಸಗಾರ ತಿಳಿದೇ ಕೊಟ್ಟಿದ್ದ ವಾಟ. ಹೆಸರಿನಲ್ಲಿಯೇ ಕೆರೆಯನ್ನು ಹೊತ್ತ ಊರಿನಲ್ಲಿದ್ದೂ, ನಿಂತ ನೀರಿಗೆ ಮಟ್ಟವಾದರೆ ಹರಿಯುವ ನೀರಿಗೆ ಇಳಿಜಾರು ಬೇಕೆಂಬುದನ್ನು ಅವರು ಮರೆತಿದ್ದರು. ಗುರುತನ್ನು ಅಳಿಸಿ, ಹತ್ತಡಿಗೆ ಒಂದಂಗುಲದ ಇಳಿಜಾರನ್ನು ಹಾಗೆಯೇ ಉಳಿಸಿಕೊಂಡು, ತಗ್ಗನ್ನು ಮಾತ್ರ ತುಂಬಿದರು. ಏಳು ದಿನ ಒದ್ದೆ ಗೋಣಿಚೀಲ ಹೊದಿಸಿ ನೀರುಣಿಸಿದರು. ಅಷ್ಟು ದಿನವೂ ತಾಯಿ ಸೊಸೆಯ ಕೈಹಿಡಿದು ಹಿತ್ತಿಲನ್ನು ಬಳಸಿಕೊಂಡು ಬಚ್ಚಲಿಗೆ ಹೋಗುತ್ತಿದ್ದರು.

ಹೊಸ ಗಾರೆಯ ಬೂದುಬಣ್ಣ ಕೆಂಪು ನೆಲಕ್ಕೆ ಹೊಂದಿಲ್ಲ. ಹಳೆಯ ಸೀರೆಗೆ ಹಾಕಿದ ತೇಪೆಯಂತಿದೆ. ಆದರೆ ತಟ್ಟಿದರೆ ಗಟ್ಟಿ ಸದ್ದು ಬರುತ್ತದೆ, ಸುರಿದ ನೀರು ಎಲ್ಲಿಯೂ ನಿಲ್ಲದೆ ಬಚ್ಚಲಿಗೆ ಹರಿಯುತ್ತದೆ. ಮೊದಮೊದಲು ತಾಯಿ ಆ ಜಾಗಕ್ಕೆ ಬಂದೊಡನೆ ಅಭ್ಯಾಸಬಲದಿಂದ ಗೋಡೆಗೆ ಕೈಯೂರುತ್ತಿದ್ದರು. ತಿಂಗಳೊಪ್ಪತ್ತಿನಲ್ಲಿ ಆ ಕೈ ತಾನಾಗಿ ಕೆಳಗಿಳಿಯಿತು. ಅದನ್ನು ಮಗನೊಬ್ಬನೇ ಗಮನಿಸಿದ, ಯಾರಿಗೂ ಹೇಳಲಿಲ್ಲ.