ಎಲ್ಲಿದ್ದೀಯಾ?

ಹಾಸನ, 3 ನವೆಂಬರ್ 2025, ಸೋಮವಾರ

ರಾತ್ರಿ ಹತ್ತೂವರೆ. ಮಂಗಳೂರಿಗೆ ಆಲೂಗಡ್ಡೆ ಹೊತ್ತು ಹೊರಟಿದ್ದ ನಮ್ಮ ಪಿಕಪ್ ಮಾರನಹಳ್ಳಿ ಹತ್ತಿರ ತಡೆಗೋಡೆಗೆ ಉಜ್ಜಿಕೊಂಡಿದೆ. ಎಡಗಡೆ ಕನ್ನಡಿ ಪುಡಿ, ಬಾಗಿಲು ಜಜ್ಜಿಹೋಗಿದೆ, ಮೂರು ಚೀಲ ರಸ್ತೆಗೆ ಬಿದ್ದಿವೆ. ಓಡಿಸುತ್ತಿದ್ದವನು ಅಕ್ಕನ ಮಗ. ಅವನಿಗೆ ಏನೂ ಆಗಿಲ್ಲ. “ದನ ಅಡ್ಡ ಬಂತು ಮಾವ” ಅಂದ. ಪೆಟ್ಟಾಯಿತೇನೋ ಅಂತ ಕೇಳುವ ಮೊದಲು ನಾನು ಚೀಲ ಎಷ್ಟು ಹೋದವು ಅಂತ ಕೇಳಿದೆ. ನಾಚಿಕೆಯಾದರೂ ಬರೆದಿಡುತ್ತೇನೆ.

4 ನವೆಂಬರ್, ಮಂಗಳವಾರ

ಮಧ್ಯಾಹ್ನ ಗಾಡಿ ವಾಪಸ್ ಬಂತು. ದನದ ಕಥೆ ನನಗೆ ಯಾಕೋ ಇಳಿಯಲಿಲ್ಲ. ನಿಜ ಹೇಳು ಅಂದೆ. ತಲೆ ತಗ್ಗಿಸಿ, “ಫೋನ್ ಬಂತು ಮಾವ. ಯಾರದು ಅಂತ ನೋಡ್ದೆ ಅಷ್ಟೇ” ಅಂದ. ಬಾಯಿಗೆ ಬಂದಂತೆ ಬೈದೆ. “ಪ್ರಾಣಕ್ಕಿಂತ ಹೆಚ್ಚಿಂದೇನೋ, ಯಾರದೋ ಅದು ಫೋನು?” ಅಂದರೆ ಮಾತಿಲ್ಲ. ಸುಮ್ಮನೆ ನನ್ನ ಮುಖ ನೋಡಿದ.

ರಾತ್ರಿ ಊಟ ಆದ ಮೇಲೆ ನನ್ನದೇ ಫೋನ್ ತೆಗೆದು ನಿನ್ನೆಯ ಕರೆಗಳನ್ನು ನೋಡಿದೆ. 7.52, 8.10, 8.26, 8.41, 8.44, 8.47. ಆರೂ ನಾನು ಮಾಡಿದವು. ಕೊನೆಯದನ್ನು ಅವನು ಎತ್ತಿಲ್ಲ. ಆರಕ್ಕೂ ಇದ್ದದ್ದು ಒಂದೇ ಪ್ರಶ್ನೆ: ಎಲ್ಲಿದ್ದೀಯಾ? ಸಕಲೇಶಪುರ ದಾಟಿದವನು ಶಿರಾಡಿ ಘಾಟಿಯಲ್ಲದೆ ಇನ್ನೆಲ್ಲಿರುತ್ತಾನೆ!

6 ನವೆಂಬರ್, ಗುರುವಾರ

ಬೆಳಿಗ್ಗೆ ಚೀಟಿಯ ಹಿಂದೆ ಲೆಕ್ಕ ಹಾಕಿದೆ. ಗಂಟೆಗೆ 50 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಯಾರ ಫೋನು ಅಂತ ನೋಡಲು ಎರಡು ಸೆಕೆಂಡ್ ಕಣ್ಣು ತಗ್ಗಿಸಿದರೆ 28 ಮೀಟರ್. ನನ್ನ ಕಾಲಿಗೆ ನಲವತ್ತು ಹೆಜ್ಜೆ.

ಎಪಿಎಂಸಿ ಅಂಗಳ ಖಾಲಿಯಿತ್ತು. ಒಂದು ತುದಿಯಲ್ಲಿ ನಿಂತು ಕಣ್ಣು ಮುಚ್ಚಿ ನಡೆದೆ. ಎದುರಿಗೆ ಏನೂ ಇಲ್ಲ ಅಂತ ಗೊತ್ತು. ಆದರೂ ಐದನೇ ಹೆಜ್ಜೆಗೆ ಕೈ ತಾನಾಗಿ ಮುಂದಕ್ಕೆ ಚಾಚಿತು. ಒಂಬತ್ತಕ್ಕೆ ಕಣ್ಣು ಬಿಟ್ಟೆ. ಹಮಾಲಿಯೊಬ್ಬ “ಏನಣ್ಣ, ಬೆಳಿಗ್ಗೆ ಬೆಳಿಗ್ಗೆ ಕಣ್ಣಾಮುಚ್ಚಾಲೆ?” ಅಂತ ನಕ್ಕ. ಒಂದೂವರೆ ಟನ್ ಮಾಲು ಹೇರಿಕೊಂಡು ಇಳಿಜಾರಿನಲ್ಲಿ ಉಳಿದ ಮೂವತ್ತೊಂದು ಹೆಜ್ಜೆಯನ್ನೂ ನಮ್ಮ ಹುಡುಗ ಹೀಗೇ ಹೋಗಿದ್ದಾನೆ.

9 ನವೆಂಬರ್, ಭಾನುವಾರ

ಪರಿಚಯದ ಪೊಲೀಸರೊಬ್ಬರು ಸಿಕ್ಕಿದ್ದರು, ಕಾನೂನು ಹೇಳಿದರು. 2019ರ ತಿದ್ದುಪಡಿಯಾದ ಮೇಲೆ, ಓಡಿಸುವಾಗ ಫೋನ್ ಕೈಯಲ್ಲಿ ಹಿಡಿದರೆ ಅದು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 184ರ ಅಪಾಯಕಾರಿ ಚಾಲನೆ. ಮೊದಲ ಸಲ 5,000 ರೂಪಾಯಿವರೆಗೆ ದಂಡ, ಜೈಲೂ ಆಗಬಹುದು. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ದಂಡ 10,000. 2020ರ ಅಕ್ಟೋಬರ್‌ನಿಂದ ದಾರಿ ನೋಡಲು ಮಾತ್ರ ಬಳಸಬಹುದು, ಅದೂ ಗಮನ ಕೆಡದ ಹಾಗೆ.

“ಕಾನೂನು ಬಿಗಿಯಾಗೇ ಇದೆ. ಕತ್ತಲಲ್ಲಿ ಘಾಟಿ ಇಳಿಯೋನ ತೊಡೆ ಮೇಲೆ ಫೋನ್ ಇದ್ಯಾ ಅಂತ ಯಾರು ನೋಡ್ತಾರೆ?” ಅಂದರು. ಲೆಕ್ಕದಲ್ಲೂ ಅದು ಕಾಣುವುದು ಕಮ್ಮಿ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಕೇಂದ್ರದ ವರದಿ ನೂರಕ್ಕೆ ಎಪ್ಪತ್ತೊಂದು ಸಾವನ್ನು ಅತಿವೇಗದ ಲೆಕ್ಕಕ್ಕೆ ಹಾಕಿದೆ, ಮೊಬೈಲಿನ ಲೆಕ್ಕಕ್ಕೆ ಬಂದದ್ದು ಎರಡೇ. ನನಗೆ ನಂಬಿಕೆ ಬರಲಿಲ್ಲ. ನಮ್ಮ ಹುಡುಗ ಅಂದು ಸತ್ತಿದ್ದರೆ ಕಾಗದದಲ್ಲಿ ‘ಅತಿವೇಗ ಮತ್ತು ಅಜಾಗರೂಕತೆ’ ಅಂತಲೇ ಬರೆಯುತ್ತಿದ್ದರು. ಬದುಕಿದ, ದನದ ಮೇಲೆ ಹಾಕಿದ. 8.47ರ ಕರೆ ಯಾವ ಕಾಗದಕ್ಕೂ ಬರುತ್ತಿರಲಿಲ್ಲ.

12 ನವೆಂಬರ್, ಬುಧವಾರ

“ಬ್ಲೂಟೂತ್ ಕೊಡಿಸಿ ಮಾವ, ಕೈ ಸ್ಟೇರಿಂಗ್ ಮೇಲೇ ಇರುತ್ತೆ” ಅಂದ. ಹೌದಲ್ಲ ಅನಿಸಿತು. ಆಮೇಲೆ ಮಂಗಳೂರಿನ ಮಂಡಿಯವರ ಜೊತೆ ಫೋನಿನಲ್ಲಿ ರೇಟು ಮಾತಾಡುತ್ತಾ 61 ಚೀಲದ ಬದಲು 16 ಅಂತ ಬರೆದೆ. ಕೈಯಲ್ಲಿ ಪೆನ್ನಿತ್ತು, ಕಣ್ಣು ಪುಸ್ತಕದ ಮೇಲಿತ್ತು, ಮನಸ್ಸು ಮಂಗಳೂರಿನಲ್ಲಿತ್ತು. ಓಡಿಸುವಾಗ ಫೋನ್ ಬಳಸಿದರೆ ಅಪಘಾತದ ಸಾಧ್ಯತೆ ಸುಮಾರು ನಾಲ್ಕು ಪಟ್ಟು, ಕೈಗೆ ಹಿಡಿಯದೆ ಮಾತಾಡಿದರೂ ಹೆಚ್ಚೇನೂ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬ್ಲೂಟೂತ್ ಬೇಡ.

ಅದರ ಬದಲು ಹೀಗೆ ಮಾಡಿದೆವು. ಗಾಡಿ ಹೊರಟ ಮೇಲೆ ನಾನು ಫೋನ್ ಮಾಡುವುದಿಲ್ಲ. ಅವನ ಫೋನು ಸದ್ದಿಲ್ಲದೆ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ. ಸಕಲೇಶಪುರ, ಗುಂಡ್ಯ, ಉಪ್ಪಿನಂಗಡಿ: ಮೂರು ಕಡೆ ಗಾಡಿ ನಿಲ್ಲಿಸಿ ಅವನೇ ಮಾಡಬೇಕು. ಮಂಡಿಯವರು ಅವನಿಗಲ್ಲ, ನನಗೆ ಮಾಡಬೇಕು.

15 ನವೆಂಬರ್, ಶನಿವಾರ

ಮೂರೇ ದಿನಕ್ಕೆ ನನ್ನ ಮಾತು ನಾನೇ ಮುರಿದೆ. ಮಂಡಿಯವರು ಎರಡು ಸಲ ಕೇಳಿದರು, ತಡೆಯಲಾರದೆ ಒತ್ತಿಬಿಟ್ಟೆ. ಅವನು ಎತ್ತಲಿಲ್ಲ. ಸಿಟ್ಟು ಬಂತು, ಆಮೇಲೆ ಸಮಾಧಾನವಾಯಿತು. ಇವತ್ತು ಸಂಜೆ ಸ್ಕೂಟರಿನಲ್ಲಿ ಬರುವಾಗ ನಾನೂ ಹೆಲ್ಮೆಟ್ ಸಂದಿಗೆ ಫೋನ್ ತುರುಕಿಕೊಳ್ಳಲು ಹೋಗಿ, ಪಕ್ಕಕ್ಕೆ ನಿಲ್ಲಿಸಿದೆ. ಇಷ್ಟು ವರ್ಷದ ಚಾಳಿ, ಕೈ ಬೇಗ ಮರೆಯುವುದಿಲ್ಲ.

21 ನವೆಂಬರ್, ಶುಕ್ರವಾರ

ರಾತ್ರಿ ಒಂಬತ್ತಕ್ಕೆ ಅಕ್ಕನ ಫೋನು. “ಆಗ್ಲಿಂದ ಮಾಡ್ತಾ ಇದೀನಿ ಕಣೋ, ಎತ್ತುತಾನೇ ಇಲ್ಲ. ಏನಾಯ್ತೋ ಏನೋ.”

“ಗಾಡಿ ಓಡಿಸ್ತಿದಾನೆ ಕಣಕ್ಕ, ಅದಕ್ಕೇ ಎತ್ತುತಿಲ್ಲ” ಅಂದೆ. ಅಕ್ಕ ಒಪ್ಪಲಿಲ್ಲ, ಫೋನನ್ನೂ ಇಡಲಿಲ್ಲ. ಇಬ್ಬರೂ ಅದೂ ಇದೂ ಮಾತಾಡುತ್ತಾ ಕೂತೆವು.

9.25ಕ್ಕೆ ಅವನ ಹೆಸರು ಪರದೆಯ ಮೇಲೆ ಬಂತು.

“ಮಾವ, ಗುಂಡ್ಯ. ಟೀ ಕುಡೀತಿದೀನಿ.”

“ಕುಡಿ ಕುಡಿ” ಅಂದೆ. “ಕುಡಿದು ನಿಮ್ಮಮ್ಮನಿಗೊಂದು ಫೋನ್ ಮಾಡಿ ಹೊರಡು.”