ಹ್ಯಾಂಡಲಿನೊಳಗಿನ ತಂತಿ

ಮೋಟಾರು ಸೈಕಲ್ಲಿನ ಹ್ಯಾಂಡಲಿನೊಳಗೆ ತಂತಿ ಎಳೆಯೋದು ಕೂಡ ಬರೆಯೋ ವಿಷಯವಾ ಅಂತ ಕೇಳುವವರಿದ್ದಾರೆ. ಕೇಳಲಿ. ರಾಗಿ ಬೀಸೋದು, ಬಾವಿ ತೋಡೋದು, ಚರ್ಮ ಹದ ಮಾಡೋದು ಬರಹಕ್ಕೆ ತಕ್ಕ ವಿಷಯಗಳಲ್ಲ ಎಂದು ತೀರ್ಮಾನ ಮಾಡಿದವರು ಯಾರು? ಬೀಸಿದವರಂತೂ ಅಲ್ಲ, ತೋಡಿದವರಂತೂ ಅಲ್ಲ. ಸ್ಪಾನರ್ ಹಿಡಿದ ಕೈಯ ವಿದ್ಯೆ ಬಾಯಿಂದ ಬಾಯಿಗೆ ದಾಟುತ್ತೆ. ದಾಟದೇ ಹೋದರೆ ಆ ಮನುಷ್ಯನ ಜೊತೆಗೇ ಮಣ್ಣಾಗುತ್ತೆ. ಹಾಗಾಗಬಾರದೆಂದು ಇದನ್ನು ಬರೆದಿಡುತ್ತಿದ್ದೇವೆ.

ನಮ್ಮ ಮನೆಯಲ್ಲೊಂದು ಹಳೇ ಯೆಜ್ಡಿ ಇದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. 1961ರಲ್ಲಿ ಗಾಡಿ ಹೊರಡಿಸಲು ಶುರು ಮಾಡಿದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಕಾರ್ಖಾನೆ ಮುಚ್ಚಿದರೂ ಗಾಡಿಗಳು ನಿಲ್ಲಲಿಲ್ಲ. ಅವುಗಳನ್ನು ಇಷ್ಟು ವರ್ಷ ಓಡಿಸಿಕೊಂಡು ಬಂದದ್ದು ರಸ್ತೆ ಬದಿಯ ಮೆಕ್ಯಾನಿಕ್ಕುಗಳು, ಅವರ ಹತ್ತಿರ ಕೆಲಸ ಕಲಿತ ಹುಡುಗರು, ಮತ್ತೆ ನಮ್ಮಂಥ ಮನೆಯವರು.

ಈ ಗಾಡಿ ಓಡಿಸೋದು ನಮ್ಮಣ್ಣ. ಇಪ್ಪತ್ತು ವರ್ಷ ಕಲ್ಲು ಕ್ವಾರಿಯಲ್ಲಿ ಸುತ್ತಿಗೆ ಬೀಸಿದವನು. ಈಗ ಅವನ ಬಲಭುಜ ಮುಂದಕ್ಕೆ ಚಾಚುವುದಿಲ್ಲ. ಬಗ್ಗಿ ಹಿಡಿಯಬೇಕಾದ ಹ್ಯಾಂಡಲ್ ಅವನಿಂದಾಗದು. ಗಾಡಿ ಬಿಟ್ಟುಬಿಡು ಅಂದರು ಹಲವರು. ಬಿಟ್ಟರೆ ಪೇಟೆಗೆ ಹಾಲಿನ ಕ್ಯಾನು ಒಯ್ಯೋರು ಯಾರು? ಹೇಳೋರು ಒಯ್ಯೋದಿಲ್ಲವಲ್ಲ. ಅದಕ್ಕೇ ಎತ್ತರವಾಗಿದ್ದು ಸವಾರನ ಕಡೆಗೇ ಬಾಗಿರುವಂಥ ಉಕ್ಕಿನ ಹ್ಯಾಂಡಲ್ ಒಂದನ್ನು ತಂದೆವು. ಭುಜ ಎತ್ತದೆ, ಬೆನ್ನು ನೆಟ್ಟಗಿಟ್ಟುಕೊಂಡು ಓಡಿಸಬಹುದು.

ಹ್ಯಾಂಡಲ್ ಎತ್ತರವಾದ ಮೇಲೆ ತಂತಿ ಸಾಲುವುದಿಲ್ಲ. ಪೇಟೆಯ ಒಂದು ಗ್ಯಾರೇಜಿನಲ್ಲಿ ತಂತಿಗೆ ತಂತಿ ಹೊಸೆದು, ಮೇಲೆ ಟೇಪು ಸುತ್ತಿ, ಹ್ಯಾಂಡಲಿನ ಹೊರಗೇ ಕಟ್ಟಿ ಕಳಿಸಿದರು. ಎರಡು ತಿಂಗಳಿಗೆ ಹಗ್ಗ ಉಜ್ಜಿ ಟೇಪು ಹರಿಯಿತು, ಬರಿ ತಾಮ್ರ ಕಬ್ಬಿಣಕ್ಕೆ ತಾಗಿತು. ರಾತ್ರಿ ನಾಲೆ ಏರಿಯ ಮೇಲೆ ಬರುತ್ತಿದ್ದವನಿಗೆ ದೀಪವೂ ಹೋಯಿತು, ಹಾರನ್ನೂ ಹೋಯಿತು. ಒಂದು ಕಡೆ ನೀರು, ಇನ್ನೊಂದು ಕಡೆ ಹಳ್ಳ. ಗಾಡಿ ತಳ್ಳಿಕೊಂಡು ಮನೆ ಸೇರಿದ. ಮಾರನೇ ದಿನ ನಾವೇ ಕೂತೆವು. ನಾವು ಅಂದರೆ ಅಣ್ಣ, ಪಾಲಿಟೆಕ್ನಿಕ್ಕಿನಲ್ಲಿ ಓದುವ ಅವನ ಮಗಳು, ಪಕ್ಕದ ಮನೆಯ ವೆಲ್ಡಿಂಗ್ ಹುಡುಗ, ಮತ್ತು ಇದನ್ನು ಬರೆಯುತ್ತಿರುವವರು.

ತಂತಿಯನ್ನು ಒಳಗೇ ಎಳೆಯೋಣ ಎಂದು ಗೊತ್ತುಮಾಡಿದ್ದು ಚಂದಕ್ಕಲ್ಲ. ಶೋಕಿಗೆ ಗಾಡಿ ಕಟ್ಟಿಸುವವರು ತಂತಿ ಕಣ್ಣಿಗೆ ಬೀಳಬಾರದೆಂದು ಹೀಗೆ ಮಾಡಿಸ್ತಾರೆ. ನಮಗೆ ಬೇಕಾಗಿದ್ದದ್ದು ಹಗ್ಗ, ಗೋಣಿ, ಮುಳ್ಳಿನ ಬೇಲಿ ಯಾವುದೂ ತಂತಿಯನ್ನು ಮುಟ್ಟಬಾರದು ಅನ್ನೋದು. ಆದರೆ ಒಳಗೆ ಎಳೆಯಬೇಕಾದರೆ ಹ್ಯಾಂಡಲಿಗೆ ತೂತು ಹಾಕಬೇಕು. ತೂತು ಹಾಕಿದ ಕೊಳವೆ ಅಷ್ಟರಮಟ್ಟಿಗೆ ಬಲ ಕಳೆದುಕೊಳ್ಳುತ್ತೆ. ಆದ್ದರಿಂದ ಎಲ್ಲಿ ತೂತು ಹಾಕಬೇಕು ಎನ್ನುವುದರ ಮೇಲೆ ಸವಾರನ ಜೀವ ನಿಂತಿರುತ್ತೆ.

ಕಾನೂನಿನ ಮಾತನ್ನೂ ಮೊದಲೇ ಹೇಳಿಬಿಡಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯನ್ನು ಮನಬಂದಂತೆ ಮಾರ್ಪಡಿಸುವುದಕ್ಕೆ ತಡೆ ಹಾಕಿದೆ. 2019ರ ತಿದ್ದುಪಡಿಯಲ್ಲಿ ಬದಲಾದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. ದೇಹದ ಊನವಿರುವವರಿಗಾಗಿ ಹೊಂದಿಸಿದ ಗಾಡಿಗೆ ಅದೇ ಕಾಯ್ದೆಯಲ್ಲಿ ಜಾಗವುಂಟು. ಆ ದಾರಿ ಹಿಡಿಯುವವರು ಸಾರಿಗೆ ಕಚೇರಿಗೆ ಅರ್ಜಿ ಕೊಟ್ಟು, ಕಾಗದ ಕೈಗೆ ಬಂದ ಮೇಲೆ ಕೆಲಸಕ್ಕೆ ಇಳಿಯಬೇಕು. ನಾವು ಹಾಗೇ ಮಾಡಿದೆವು. ಬಡವನ ಗಾಡಿಯೇ ಮೊದಲು ತಡೆಯಲ್ಪಡುವುದರಿಂದ ಕಾಗದ ಇರಬೇಕಾದ್ದೂ ಮೊದಲು ಅವನ ಜೇಬಿನಲ್ಲೇ.

ಇನ್ನು ಕೆಲಸ. ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡಿ. ಆಮೇಲೆ ಒಂದು ಹಾಳೆ ತಗೊಂಡು ಪ್ರತಿಯೊಂದು ತಂತಿಯ ಬಣ್ಣ, ಅದು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅನ್ನೋದನ್ನ ಬರೆದುಕೊಳ್ಳಿ. ಇದಕ್ಕೆ ಮುಂಚೆ ಕಟಿಂಗ್ ಪ್ಲೇಯರ್ ಮುಟ್ಟಬೇಡಿ. ನಮ್ಮ ಗಾಡಿಯಲ್ಲಿ ಎಡಗಡೆ ಏಳು ತಂತಿ: ಡಿಪ್ಪರಿಗೆ ಮೂರು, ಇಂಡಿಕೇಟರಿಗೆ ಮೂರು, ಹಾರನ್ನಿಗೆ ಒಂದು. ಬಲಗಡೆ ನಾಲ್ಕು: ಇಂಜಿನ್ ನಿಲ್ಲಿಸುವ ಗುಂಡಿಗೆ ಎರಡು, ಮುಂದಿನ ಬ್ರೇಕಿನ ಸ್ವಿಚ್ಚಿಗೆ ಎರಡು.

ಕೊಳವೆಯ ಹೊರ ಅಳತೆ 22 ಮಿಲಿಮೀಟರು, ಉಕ್ಕಿನ ದಪ್ಪ 2 ಮಿಲಿಮೀಟರು. ಅಂದರೆ ಒಳಗೆ ಸಿಗೋದು 18. ಬಾಗಿದ ಕಡೆ ಅದಕ್ಕೂ ಕಡಿಮೆ. ಹಾಗಂತ ಬಡಕಲು ತಂತಿ ಹಾಕಬಾರದು. 12 ವೋಲ್ಟಿನ ಗಾಡಿಯಲ್ಲಿ 35 ವ್ಯಾಟಿನ ದೀಪ ಸುಮಾರು 3 ಆಂಪಿಯರ್ ಎಳೆಯುತ್ತೆ. ಅದೇ ದೀಪ 6 ವೋಲ್ಟಿನ ಹಳೇ ಗಾಡಿಯಲ್ಲಿದ್ದರೆ ಸುಮಾರು 6 ಆಂಪಿಯರ್. ವೋಲ್ಟು ಅರ್ಧವಾದರೆ ಕರೆಂಟು ಎರಡರಷ್ಟು. ಹಳೇ ಗಾಡಿಗೆ ದಪ್ಪ ತಂತಿ ಬೇಕು ಎಂದು ಮುದುಕ ಮೆಕ್ಯಾನಿಕ್ಕುಗಳು ಹೇಳುತ್ತಿದ್ದದ್ದು ಬರೀ ರೂಢಿಯ ಮಾತಲ್ಲ. ಅದು ಲೆಕ್ಕ. ಅವರಿಗೆ ಅದನ್ನು ಬರೆಯೋಕೆ ಯಾರೂ ಕಲಿಸಿರಲಿಲ್ಲ, ಅಷ್ಟೆ.

ತೂತುಗಳು ಮೂರು. ಎರಡು ತುದಿಗಳಲ್ಲಿ ಸ್ವಿಚ್ಚಿನ ಡಬ್ಬಿಯ ಅಡಿಗೆ ಒಂದೊಂದು. ನಡುವೆ ಎರಡು ಕ್ಲಾಂಪುಗಳ ಮಧ್ಯೆ ಕೆಳಮುಖವಾಗಿ ಒಂದು. ಕೈ ಒತ್ತಿದ ಬಲವೆಲ್ಲ ಬಂದು ಎಳೆಯುವುದು ಕ್ಲಾಂಪಿನ ಅಂಚಿನಲ್ಲಿ, ಕ್ಲಾಂಪಿನಿಂದ ಹೊರಕ್ಕೆ ಬಂದ ಭಾಗದಲ್ಲಿ. ಅಲ್ಲಿ ತೂತು ಹಾಕಿದರೆ ಮುಂದೊಂದು ದಿನ ಗುಂಡಿಗೆ ಬಿದ್ದಾಗ ಹ್ಯಾಂಡಲ್ ಅಲ್ಲೇ ಬಿರುಕು ಬಿಡುತ್ತೆ. ಬಾಗಿದ ಕಡೆಯೂ ಬೇಡ, ಬೆಸುಗೆ ಹಾಕಿದ ಕಡೆಯೂ ಬೇಡ. ಅಲ್ಯೂಮಿನಿಯಂ ಹ್ಯಾಂಡಲಿಗೆ ಮನೆಯಲ್ಲಿ ತೂತು ಹಾಕಲೇಬೇಡಿ. ಉಕ್ಕಿನದಕ್ಕೂ ತಯಾರಿಸಿದವರು ಬೇಡವೆಂದಿದ್ದರೆ ಬೇಡ.

ಮೊದಲು 3 ಮಿಲಿಮೀಟರಿನ ಸಣ್ಣ ತೂತು, ಆಮೇಲೆ ಬೇಕಾದಷ್ಟೇ ದೊಡ್ಡದು. ಉದ್ದ ಬೇಕಾದರೆ ಕೊಳವೆಯ ಉದ್ದಕ್ಕೇ ಬೆಳೆಸಬೇಕು, ಅಡ್ಡಕ್ಕಲ್ಲ. ಅಂಚು ಚೂರಿಯಂತೆ ಹರಿತವಾಗಿರುತ್ತೆ. ದುಂಡು ಅರದಿಂದ ಒಳಗೂ ಹೊರಗೂ ಉಜ್ಜಿ, ಬೆರಳಾಡಿಸಿದರೆ ಎಲ್ಲೂ ತಾಗದ ಹಾಗೆ ಮಾಡಿ. ನಮ್ಮ ವೆಲ್ಡಿಂಗ್ ಹುಡುಗ ಮೂರು ತೂತಿಗೆ ಒಂದು ಗಂಟೆ ಉಜ್ಜಿದ. ಸಾಕು ಬಿಡೋ ಅಂದರೆ, ತಂತಿ ಕೂತಿರೋದು ನಾನಲ್ಲ ನೀವಲ್ಲ, ಅದನ್ನ ಕೇಳಿ ಅಂದ. ಗಾಡಿ ನಡುಗುತ್ತಿರುವಷ್ಟು ಹೊತ್ತೂ ಆ ಅಂಚು ತಂತಿಯ ಚರ್ಮವನ್ನು ಕೆರೆಯುತ್ತಲೇ ಇರುತ್ತೆ. ಉಜ್ಜಿದ ಮೇಲೆ ಒಳಗಿನ ಕಬ್ಬಿಣದ ಪುಡಿ ಉದುರಿಸಿ, ಪ್ರತಿ ತೂತಿಗೂ ರಬ್ಬರಿನ ಬಳೆ ತೊಡಿಸಬೇಕು.

ಎಳೆಯೋದಕ್ಕೆ ಸೈಕಲ್ಲಿನ ಹಳೇ ಬ್ರೇಕ್ ತಂತಿ ಸಾಕು. ನಡುವಿನ ತೂತಿನಿಂದ ಅದನ್ನು ತೂರಿಸಿ ತುದಿಯ ತೂತಿನಲ್ಲಿ ಹೊರಕ್ಕೆ ತೆಗೆಯಿರಿ. ಬಾಗಿನಲ್ಲಿ ಸಿಕ್ಕಿಕೊಂಡರೆ ಒಂದು ನೂಲಿಗೆ ಚೂರು ಹತ್ತಿ ಕಟ್ಟಿ ಒಂದು ಕಡೆಯಿಂದ ಗಾಳಿ ಊದಿದರೆ ನೂಲು ಆ ಕಡೆಗೆ ಬರುತ್ತೆ. ತಂತಿಗಳನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಬಾರದು. ಒಂದರ ಹಿಂದೆ ಒಂದು ಬರುವಂತೆ, ಇಲಿಯ ಬಾಲದ ಹಾಗೆ ಸಣ್ಣಗಾಗುತ್ತಾ ಹೋಗುವಂತೆ ಜೋಡಿಸಿ ಟೇಪು ಸುತ್ತಿ. ಮೈಮೇಲೆ ಟಾಲ್ಕಂ ಪುಡಿ ಹಚ್ಚಿ. ಒಬ್ಬರು ಎಳೆಯಬೇಕು, ಒಬ್ಬರು ದೂಡಬೇಕು. ಎಳೆಯುವವರ ಬಲಕ್ಕಿಂತ ದೂಡುವವರ ನಿಗಾ ಮುಖ್ಯ. ಅಣ್ಣ ಎಡಗೈಯಲ್ಲೇ ಎಳೆದ, ಮಗಳು ದೂಡಿದಳು.

ಕೊಳವೆಯೊಳಗೆ ಒಂದು ಜೋಡಣೆಯೂ ಇರಬಾರದು. ಸ್ವಿಚ್ಚಿನಿಂದ ದೀಪದ ಬಟ್ಟಲಿನವರೆಗೆ ಒಂದೇ ಅಖಂಡ ತಂತಿ. ಜೋಡಣೆಗಳೆಲ್ಲ ಕಣ್ಣಿಗೂ ಕೈಗೂ ಸಿಗುವಂತೆ ಬಟ್ಟಲಿನಲ್ಲಿರಲಿ. ಕ್ಲಚ್ಚು, ಆಕ್ಸಿಲರೇಟರು, ಬ್ರೇಕಿನ ಕೇಬಲ್ಲುಗಳು ಹೊರಗೇ ಇರಬೇಕು. ಎತ್ತರಕ್ಕೆ ತಕ್ಕ ಉದ್ದದವನ್ನೇ ಹಾಕಬೇಕು. ಹ್ಯಾಂಡಲನ್ನು ಎಡತುದಿಯಿಂದ ಬಲತುದಿಗೆ ಪೂರ್ತಿ ತಿರುಗಿಸಿದಾಗ ಯಾವುದೂ ಬಿಗಿಯಬಾರದು, ಯಾವುದೂ ಸಿಕ್ಕಿಕೊಳ್ಳಬಾರದು.

ಪರೀಕ್ಷೆಗೆ ಮೀಟರ್ ಇಲ್ಲದಿದ್ದರೆ ಒಂದು ಬ್ಯಾಟರಿ, ಒಂದು ಸಣ್ಣ ಬಲ್ಬು ಸಾಕು. ತಂತಿಯ ಈ ತುದಿ ಆ ತುದಿ ಮುಟ್ಟಿಸಿದರೆ ಬಲ್ಬು ಹತ್ತಬೇಕು. ತಂತಿಗೂ ಹ್ಯಾಂಡಲಿನ ಕಬ್ಬಿಣಕ್ಕೂ ಮುಟ್ಟಿಸಿದರೆ ಹತ್ತಬಾರದು. ಈ ಪರೀಕ್ಷೆ ಮಾಡುವಾಗ ತಂತಿಯ ಎರಡು ತುದಿಯೂ ಬಿಡಿಯಾಗಿರಬೇಕು. ಹತ್ತಿತೋ, ಒಳಗೆಲ್ಲೋ ಚರ್ಮ ಹರಿದಿದೆ ಎಂದರ್ಥ. ಪೂರ್ತಿ ಹೊರಗೆಳೆದು ಮತ್ತೆ ಮಾಡಬೇಕು. ಹನ್ನೊಂದೂ ತಂತಿಗೆ ಎರಡೂ ಪರೀಕ್ಷೆ. ಬ್ಯಾಟರಿಯ ಹತ್ತಿರ ಫ್ಯೂಸು ಇರಲೇಬೇಕು. ಫ್ಯೂಸಿದ್ದರೆ ತಂತಿ ಕಬ್ಬಿಣಕ್ಕೆ ತಾಗಿದಾಗ ಸುಡೋದು ಫ್ಯೂಸು. ಇಲ್ಲದಿದ್ದರೆ ಸುಡೋದು ತಂತಿ, ಆಮೇಲೆ ಗಾಡಿ.

ಇಷ್ಟೆಲ್ಲ ಮಾಡಿ ಮುಗಿಸಿದಾಗ ನೋಡೋರಿಗೆ ಏನೂ ಕಾಣಿಸೋದಿಲ್ಲ. ಬರೀ ಕೊಳವೆ. ಕೆಲಸ ಚೆನ್ನಾಗಿ ಆದಷ್ಟೂ ಕೆಲಸ ಕಾಣೋದಿಲ್ಲ. ಕೆಲಸ ಕಾಣದಿದ್ದಾಗ ಕೆಲಸದವನೂ ಕಾಣದಂತಾಗುತ್ತಾನೆ ಎನ್ನುವುದಕ್ಕೆ ಈ ಎತ್ತರದ ಹ್ಯಾಂಡಲಿನ ಚರಿತ್ರೆಯಲ್ಲೇ ಒಂದು ದೊಡ್ಡ ಸಾಕ್ಷಿ ಇದೆ.

ಇಂಥ ಹ್ಯಾಂಡಲ್ಲುಗಳ ಚಾಪರ್ ಗಾಡಿಯನ್ನು ಜಗತ್ತಿಗೆಲ್ಲ ತೋರಿಸಿದ್ದು 1969ರ ಅಮೆರಿಕದ ಸಿನಿಮಾ ‘ಈಜಿ ರೈಡರ್’. ಪೀಟರ್ ಫೋಂಡಾ ಓಡಿಸಿದ, ಟ್ಯಾಂಕಿನ ಮೇಲೆ ಅಮೆರಿಕದ ಬಾವುಟ ಬರೆದ ಆ ಗಾಡಿಯ ಚಿತ್ರ ನಮ್ಮ ಊರುಗಳ ಸಲೂನಿನ ಗೋಡೆಗೂ ಬಂದು ತಲುಪಿತು. ಅದನ್ನು ಕಟ್ಟಿದವರು ಯಾರು? ಇಬ್ಬರು ಕಪ್ಪು ಜನ. ಲಾಸ್ ಏಂಜಲೀಸಿನ ಕಪ್ಪು ಜನರ ಬಡಾವಣೆಯಲ್ಲಿ ಮೋಟಾರು ಸೈಕಲ್ ಕೆಲಸ ಮಾಡುತ್ತಿದ್ದ ಬೆನ್ ಹಾರ್ಡಿ ಒಬ್ಬರು. ಇನ್ನೊಬ್ಬರು ಕ್ಲಿಫ್ ವಾಸ್. ವಾಸ್ ನಾಗರಿಕ ಹಕ್ಕುಗಳ ಚಳವಳಿಯ ಕಾರ್ಯಕರ್ತರು, ವಿದ್ಯಾರ್ಥಿಗಳ ಅಹಿಂಸಾತ್ಮಕ ಸಮನ್ವಯ ಸಮಿತಿಯವರು. 1964ರಲ್ಲಿ ಮೇರಿಲ್ಯಾಂಡಿನ ಕೇಂಬ್ರಿಜ್ ಪಟ್ಟಣದಲ್ಲಿ ಸೈನಿಕರು ಅವರನ್ನು ಹಿಡಿದೆಳೆಯುತ್ತಿರುವ ಫೋಟೋವನ್ನು ಡ್ಯಾನಿ ಲಯನ್ ತೆಗೆದಿದ್ದಾರೆ. ಪೊಲೀಸರು ಹರಾಜಿಗೆ ಹಾಕಿದ ಹಳೇ ಹಾರ್ಲೆ ಗಾಡಿಗಳನ್ನು ತಂದು, ಅವನ್ನೇ ಕತ್ತರಿಸಿ ಕಟ್ಟಿ ಈ ಇಬ್ಬರೂ ಸಿನಿಮಾದ ಗಾಡಿಗಳನ್ನು ಮಾಡಿದರು.

ಸಿನಿಮಾದ ಹೆಸರುಗಳ ಪಟ್ಟಿಯಲ್ಲಿ ಇಬ್ಬರ ಹೆಸರೂ ಇಲ್ಲ. ದಶಕಗಳ ಕಾಲ ಲೋಕಕ್ಕೆ ಅವರು ಗೊತ್ತಿರಲಿಲ್ಲ. ಹಾರ್ಡಿ 1994ರಲ್ಲಿ, ವಾಸ್ 2016ರಲ್ಲಿ ತೀರಿಕೊಂಡರು. 2014ರಲ್ಲಿ ಆ ಸಿನಿಮಾದ ಗಾಡಿಯೆಂದು ಹರಾಜಿಗಿಟ್ಟದ್ದಕ್ಕೆ 13 ಲಕ್ಷ 50 ಸಾವಿರ ಡಾಲರು ಕೂಗಿದರು. ಅದು ನಿಜಕ್ಕೂ ಆ ಗಾಡಿಯೇ ಅಲ್ಲವೇ ಎಂಬ ತಕರಾರು ಬೇರೆ. ಗಾಡಿ ಅಸಲಿಯೋ ನಕಲಿಯೋ ಎಂದು ಜಗಳವಾಡಲು ಜನ ಸಿಕ್ಕರು. ಕಟ್ಟಿದವರ ಹೆಸರು ಕೇಳಲು ಅಷ್ಟು ವರ್ಷ ಬೇಕಾಯಿತು.

ಇದನ್ನು ಓದಿಕೊಂಡಿದ್ದ ಅಣ್ಣನ ಮಗಳು ಒಂದು ಕೆಲಸ ಮಾಡಿದ್ದಾಳೆ. ಹನ್ನೊಂದು ತಂತಿಯ ನಕ್ಷೆಯನ್ನು ದೊಡ್ಡದಾಗಿ ಬರೆದಿದ್ದಾಳೆ. ಎಲ್ಲ ಕನ್ನಡದಲ್ಲಿ: ಕೆಂಪು ಎಲ್ಲಿಂದ ಎಲ್ಲಿಗೆ, ಹಸಿರು ಎಲ್ಲಿಂದ ಎಲ್ಲಿಗೆ, ತೂತಿನ ಅಳತೆ ಎಷ್ಟು, ಜೋಡಣೆಗಳು ಎಲ್ಲಿವೆ. ತಂತಿ ಒಳಗೆ ಹೋದ ಮೇಲೆ ಮುಂದಿನ ಮೆಕ್ಯಾನಿಕ್ಕಿಗೆ ಈ ಹಾಳೆಯೇ ಕಣ್ಣು. ಹಾಳೆ ಇಲ್ಲದಿದ್ದರೆ ರಾತ್ರಿ ದೀಪ ಕೆಟ್ಟಾಗ ಅವನು ಎಲ್ಲಿಂದ ಹುಡುಕಬೇಕು? ಕೆಳಗೆ ತಾರೀಖು ಹಾಕಿ, ತೂತು ಕೊರೆದವರು, ಅಂಚು ಉಜ್ಜಿದವರು, ಎಳೆದವರು, ದೂಡಿದವರು ಯಾರು ಯಾರು ಅನ್ನೋದನ್ನೂ ಬರೆದಿದ್ದಾಳೆ. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೀಟಿನ ಅಡಿಗೆ ಇಟ್ಟಿದ್ದೇವೆ. ಒಂದು ನಕಲು ಗೋಡೆಗೆ ಅಂಟಿಸಿದ್ದೇವೆ.

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ ಒಂದು ಮಾತು. ವಿದ್ಯುತ್ತಿನ ಪಾಠ ಮಾಡುವಾಗ ಬೋರ್ಡಿನ ಮೇಲೆ ಗೆರೆ ಎಳೆಯುವುದರ ಜೊತೆಗೆ ಊರಿನ ಗುಜರಿಯಿಂದ ಒಂದು ಮುರಿದ ಹ್ಯಾಂಡಲ್, ಎರಡು ಗಜ ತಂತಿ, ಒಂದು ಬ್ಯಾಟರಿ, ಒಂದು ಬಲ್ಬು ತಂದಿಡಿ. ಯಾರಪ್ಪ ಮೆಕ್ಯಾನಿಕ್ಕೋ ಆ ಮಗುವನ್ನು ಮುಂದಕ್ಕೆ ಕರೆಯಿರಿ. ಮನೆಯಲ್ಲಿ ನೋಡಿ ಕಲಿತದ್ದನ್ನು ಅದು ತೋರಿಸಲಿ, ಮಿಕ್ಕವರು ಬರೆದುಕೊಳ್ಳಲಿ. ನಮ್ಮ ಹಾಳೆಯ ನಕಲು ಬೇಕಾದವರು ಯಾವ ಸಂಜೆಯಾದರೂ ಮನೆಗೆ ಬರಬಹುದು. ಬೆಳಿಗ್ಗೆ ಬೇಡ, ಬೆಳಿಗ್ಗೆ ಗಾಡಿ ಹಾಲಿಗೆ ಹೋಗಿರುತ್ತೆ.