ಬಾರ್ಕೂರಿನಿಂದ ಒತ್ತಿನೆಣೆಗೆ: ಆಶುವಿನ ನೆಪದಲ್ಲಿ ಒಂದು ದಿನ

ಬಾರ್ಕೂರು ಎಂದೊಡನೆ ಕರಾವಳಿಯವರಿಗೆ ನೆನಪಾಗುವುದು ಎರಡು ಸಂಗತಿ. ವರ್ಷದ ದಿನಗಳಷ್ಟು ದೇವಸ್ಥಾನಗಳು ಇಲ್ಲಿದ್ದವೆಂಬ ಮಾತು ಒಂದು. ಅಳಿಯಕಟ್ಟನ್ನು ಜಾರಿಗೆ ತಂದ ಭೂತಾಳ ಪಾಂಡ್ಯನ ಐತಿಹ್ಯ ಇನ್ನೊಂದು. ಯಹೂದಿಗಳನ್ನು ಇಲ್ಲಿ ಯಾರೂ ನೆನೆಯುವುದಿಲ್ಲ. ಹಾಗಿರುವಾಗ, ಜನವರಿಯ ಒಂದು ಭಾನುವಾರ ಯಹೂದಿ ಚರಿತ್ರೆ ಕಲಿಯಲೆಂದು ಹನ್ನೆರಡು ಹುಡುಗಿಯರೊಡನೆ ವ್ಯಾನು ಹತ್ತಿದಾಗ ಪಾಲಕರೊಬ್ಬರು ಕೇಳಿದ್ದು ಸಹಜವೇ: "ಅಲ್ಲ ಮಾಷ್ಟ್ರೇ, ಯಹೂದಿಗಳಿಗೂ ನಮ್ಮೂರಿಗೂ ಎಂತ ಸಂಬಂಧ?"

ಸಂಬಂಧ ಒಬ್ಬ ಹೆಣ್ಣುಮಗಳದು. ಅವಳ ಹೆಸರು ಆಶು, ತುಳುನಾಡಿನವಳು. ಇಂದಿನ ಟ್ಯುನೀಷಿಯಾದಿಂದ ಏಡನ್ ಮಾರ್ಗವಾಗಿ ಮಂಗಳೂರಿಗೆ ಬಂದು ನೆಲೆಸಿದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ, ದಾಸಿಯಾಗಿದ್ದ ಅವಳನ್ನು 1132ರ ಅಕ್ಟೋಬರ್ 17ರಂದು ಪತ್ರ ಬರೆದು ಬಿಡುಗಡೆ ಮಾಡಿದ. ಅವಳಿಗೆ ಬೆರಾಖಾ ಎಂಬ ಹೀಬ್ರೂ ಹೆಸರಿಟ್ಟ. ಆಶೀರ್ವಾದ ಎಂದು ಅದರ ಅರ್ಥ. ಅಮಿತಾವ್ ಘೋಷ್ ಅವರ 1992ರ 'ಇನ್ ಆನ್ ಆಂಟಿಕ್ ಲ್ಯಾಂಡ್' ಪುಸ್ತಕ ಈ ಕಥೆಯನ್ನು ಮನೆಮನೆಗೆ ತಂದಿತು. ನಮ್ಮ ಪ್ರೌಢಶಾಲೆಯಲ್ಲಿ ಕಲಿತು ಈಗ ಪದವಿ ಓದುತ್ತಿರುವ ಈ ಹುಡುಗಿಯರು ಅದನ್ನು ಓದಿ, ಆಶುವಿನ ಕಾಲದ ಊರು ತೋರಿಸಿ ಎಂದು ಬೆನ್ನು ಹತ್ತಿದ್ದರು.

ಮಂಗಳೂರಿನ ಇಂದಿನ ಪೇಟೆಯಲ್ಲಿ ಹನ್ನೆರಡನೆಯ ಶತಮಾನವನ್ನು ಊಹಿಸುವುದು ಕಷ್ಟ. ಅದೇ ಆಳುಪರ ನಾಡಿನ, ಅದೇ ಕಡಲ ವ್ಯಾಪಾರದ ಬಾರ್ಕೂರಿನಲ್ಲಿ ಹಳೆಯ ಕೇರಿಗಳು ಇನ್ನೂ ಹೆಸರು ಉಳಿಸಿಕೊಂಡಿವೆ. ಚೌಳಿಕೇರಿ, ಕೋಟೆಕೇರಿ, ಮಣಿಗಾರಕೇರಿ ಸುತ್ತಿ ಕತ್ತಲೆ ಬಸದಿಯ ಕಲ್ಲುಗಳ ನಡುವೆ ಕುಳಿತೆವು. ಯಹೂದಿ ಶಾಸ್ತ್ರದಲ್ಲಿ ಮಗು ಯಹೂದಿಯೋ ಅಲ್ಲವೋ ಎಂಬುದು ತಾಯಿಯಿಂದ ನಿರ್ಣಯವಾಗುತ್ತದೆ. ಆಶುವಿನ ಬಿಡುಗಡೆ ಪತ್ರ ಹಾಗಾಗಿ ಅವಳ ಮಕ್ಕಳ ಪಾಲಿಗೂ ಆಧಾರ. "ಹಂಗಾರೆ ಅವ್ರದ್ದೂ ಅಳಿಯಕಟ್ಟಾ ಸರ್?" ಎಂದು ಒಬ್ಬಳು ಕೇಳಿದಳು. ಪೂರ್ತಿ ಹಾಗಲ್ಲ, ಅವರಲ್ಲಿ ಆಸ್ತಿ ಸೇರುವುದು ತಂದೆಯ ಕಡೆಯಿಂದ ಎಂದೆ. ಆದರೂ ಭೂತಾಳ ಪಾಂಡ್ಯನ ಊರಿನಲ್ಲಿ ಆ ಪ್ರಶ್ನೆ ಹುಟ್ಟಿದ್ದು ನನಗೆ ಖುಷಿಯಾಯಿತು.

ಮಧ್ಯಾಹ್ನದ ಬುತ್ತಿ ಬಿಚ್ಚಿದ್ದು ಬಸ್ರೂರಿನಲ್ಲಿ. ಪೋರ್ಚುಗೀಸರು ಅಕ್ಕಿಗಾಗಿ ಕಣ್ಣಿಟ್ಟ, 1665ರಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ದಾಳಿ ಮಾಡಿದ ಬಂದರು ಇದು. ಈಗ ಹೊಳೆ ನಿಧಾನವಾಗಿ ಹರಿಯುತ್ತದೆ, ತೆಂಗಿನ ತೋಟಗಳು ಮೌನವಾಗಿವೆ. ಬೆನ್ ಯಿಜು ಇಲ್ಲಿಂದ ಕಳಿಸುತ್ತಿದ್ದುದು ಕರಿಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ. ಏಡನ್ನಿನ ಗೆಳೆಯರು ಒಡಕು ತಾಮ್ರ ಕಳಿಸಿದರೆ ಅವನ ಕಾರ್ಖಾನೆಯಲ್ಲಿ ಅದು ಕಂಚಿನ ಪಾತ್ರೆಯಾಗಿ ಮರಳುತ್ತಿತ್ತು. ಜೊತೆಗೆ ಅವರು ಸಕ್ಕರೆ, ಒಣದ್ರಾಕ್ಷಿ ಮತ್ತು ಬಿಳಿ ಕಾಗದವನ್ನೂ ಕಳಿಸುತ್ತಿದ್ದರು. ಒಳ್ಳೆಯ ಕಾಗದ ಆಗ ಇಲ್ಲಿ ದುರ್ಲಭ. ಆ ಪತ್ರಗಳ ಭಾಷೆ ಅರಬಿ, ಲಿಪಿ ಮಾತ್ರ ಹೀಬ್ರೂ. ಇದು ವಿಚಿತ್ರವೆನಿಸಿದವರಿಗೆ ಗುಂಪಿನ ಕೊಂಕಣಿ ಹುಡುಗಿಯೇ ಉತ್ತರ ಕೊಟ್ಟಳು: "ನಮ್ಮ ಮನೆಯಲ್ಲಿ ಕೊಂಕಣಿ ಬರೆಯುವುದು ಕನ್ನಡ ಅಕ್ಷರದಲ್ಲೇ ಅಲ್ವಾ?"

ಈ ಕಾಗದಗಳು ಉಳಿದದ್ದು ಹೇಗೆ? ದೇವರ ಹೆಸರಿರುವ ಬರಹವನ್ನು ಯಹೂದಿಗಳು ಸುಡುವುದಿಲ್ಲ, ಹರಿದೆಸೆಯುವುದಿಲ್ಲ. ಕೈರೋದ ಬೆನ್ ಎಜ್ರಾ ಪ್ರಾರ್ಥನಾ ಮಂದಿರದಲ್ಲಿ ಇಂಥ ಕಾಗದಗಳಿಗೆಂದೇ 'ಗೆನಿಜಾ' ಎಂಬ ಕೋಣೆಯಿತ್ತು. ವ್ಯಾಪಾರದ ಓಲೆಗಳೂ ಅದನ್ನು ಸೇರಿದವು. 1896ರಲ್ಲಿ ಆಗ್ನೆಸ್ ಲೂಯಿಸ್, ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸೋದರಿಯರು ತಂದ ಕೆಲವು ಹಾಳೆಗಳನ್ನು ನೋಡಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸರು ಕೈರೋಗೆ ಧಾವಿಸಿದರು. ಇಂದು ಕೇಂಬ್ರಿಜ್‌ನಲ್ಲೇ ಸುಮಾರು 1,93,000 ತುಣುಕುಗಳಿವೆ.

ಇಲ್ಲಿ ವಿಜ್ಞಾನದ ಪಾಠವೂ ಇದೆ. ಕೈರೋದಲ್ಲಿ ವರ್ಷಕ್ಕೆ ಸುಮಾರು 25 ಮಿಲಿಮೀಟರ್ ಮಳೆ. ನಮ್ಮಲ್ಲಿ ಸುಮಾರು 4,000. ತೇವದಲ್ಲಿ ಬೂಷ್ಟು ಬೆಳೆದು ಕಾಗದದ ನಾರನ್ನು ತಿನ್ನುತ್ತದೆ, ಉಳಿದದ್ದಕ್ಕೆ ಗೆದ್ದಲಿದೆ. ನಮ್ಮಲ್ಲಿ ಶಾಸನದ ಕಲ್ಲು ಉಳಿಯಿತು, ಮನೆಯ ಓಲೆಗರಿ ಮಣ್ಣಾಯಿತು. ನಮ್ಮೂರ ಹುಡುಗಿಯ ಹೆಸರನ್ನು ಪರದೇಶದ ಒಣ ಗಾಳಿ ಕಾಪಾಡಬೇಕಾಯಿತು! ಬೆನ್ ಯಿಜುವಿನ ವ್ಯಾಪಾರ ನೋಡಿಕೊಳ್ಳುತ್ತಿದ್ದ ದಾಸನ ಹೆಸರೂ ಹೀಗೆಯೇ ಉಳಿಯಿತು. ಅದು 'ಬೊಮ್ಮ' ಇರಬೇಕೆಂದು ಘೋಷ್ ಅವರಿಗೆ ದಾರಿ ತೋರಿದವರು ಮಂಗಳೂರು ವಿಶ್ವವಿದ್ಯಾನಿಲಯದ ಪ್ರೊ. ಬಿ. ಎ. ವಿವೇಕ ರೈ.

ಸಂಜೆ ಬೈಂದೂರಿನ ಒತ್ತಿನೆಣೆ ಗುಡ್ಡ ಏರಿದೆವು. ಕೆಳಗೆ ಸೋಮೇಶ್ವರದ ಕಡಲು. ಮುಂಗಾರಿನ ಕೊನೆಯ ಗಾಳಿ ಹಿಡಿದು ಏಡನ್ನಿನ ಹಡಗು ಈ ತೀರಕ್ಕೆ ಬರುತ್ತಿದ್ದುದನ್ನೂ, ಚಳಿಗಾಲದ ಈಶಾನ್ಯ ಗಾಳಿಗೆ ಹಾಯಿ ಬಿಚ್ಚಿ ಮರಳುತ್ತಿದ್ದುದನ್ನೂ ವಿವರಿಸಿದೆ. 1149ರಲ್ಲಿ ಬೆನ್ ಯಿಜು ಅದೇ ದಾರಿಯಲ್ಲಿ ಏಡನ್ನಿಗೆ ಹಿಂದಿರುಗಿದ. ಮಗಳು ಸಿತ್ ಅಲ್-ದಾರ್‌ಳ ಮದುವೆ 1156ರಲ್ಲಿ ಈಜಿಪ್ಟಿನಲ್ಲಿ, ಅಣ್ಣತಮ್ಮಂದಿರ ಮಕ್ಕಳ ಸಂಬಂಧದಲ್ಲೇ ಆಯಿತು.

"ಆಶು ಬರ್ದ್ ಕಾಗ್ದ ಒಂದೂ ಸಿಕ್ಕಲಿಲ್ಯಾ ಸರ್?"

ಇಲ್ಲ, ಒಂದು ಸಾಲೂ ಸಿಕ್ಕಿಲ್ಲ. ಅವಳ ವಿಷಯ ಬರೆದವರೆಲ್ಲ ಗಂಡಸರು. ಹುಡುಗಿಯರು ಸುಮ್ಮನಾದರು. ಆಗ ಎಲ್ಲರ ಕೈಗೂ ಒಂದೊಂದು ಹಾಳೆ ಕೊಟ್ಟು, ಅಮ್ಮಮ್ಮನ ತಾಯಿಯ ಹೆಸರು ಬರೆಯಿರಿ ಎಂದೆ. ಹನ್ನೆರಡು ಜನರಲ್ಲಿ ಬರೆದವರು ಮೂವರು. ಅಳಿಯಕಟ್ಟಿನ ಮನೆತನದ ಇಬ್ಬರ ಹಾಳೆಯೂ ಖಾಲಿ! ಒಬ್ಬಳು ಅಲ್ಲಿಂದಲೇ ಮನೆಗೆ ಫೋನು ಮಾಡಿದಳು. ಅವಳ ತಾಯಿಗೆ ಗೊತ್ತಿರಲಿಲ್ಲ. ಹಾಸಿಗೆ ಹಿಡಿದಿದ್ದ ಅಮ್ಮಮ್ಮ ಮಾತ್ರ ಹೆಸರನ್ನೂ, ಅವರು ಹುಟ್ಟಿದ ಊರನ್ನೂ, ಹಾಡುತ್ತಿದ್ದ ಸೋಬಾನೆಯನ್ನೂ ಹೇಳತೊಡಗಿದರಂತೆ. ಫೋನು ಇಟ್ಟಾಗ ಹಾಳೆಯ ಎರಡೂ ಬದಿ ತುಂಬಿತ್ತು.

ಓದುಗ ಪಾಲಕರಲ್ಲಿ ಒಂದೇ ವಿನಂತಿ. ನಿಮ್ಮ ಮನೆಯ ಹಿರಿಯ ಹೆಂಗಸರ ಹೆಸರು, ತವರು, ಅವರು ಬಲ್ಲ ಕೆಲಸ ಇವನ್ನು ಈ ರಜೆಯಲ್ಲಿ ಮಕ್ಕಳ ಕೈಯಿಂದಲೇ ಬರೆಸಿಡಿ. ಮಳೆಗಾಲಕ್ಕೆ ಮೊದಲು ಆ ಹಾಳೆಯನ್ನು ತೇವ ತಾಗದ ಡಬ್ಬಿಯಲ್ಲಿಡಲು ಮರೆಯಬೇಡಿ.